ಗೌಡಸಾನಿ ನಡೆದು ಬಂದಳು

ನಮ್ಮ ಮನೆಗೆ ಬಂದ ಹೊಸಬರು ಅಡುಗೆಮನೆಯಲ್ಲಿ ಚಮಚ ಹುಡುಕಿದರೆ ತಪ್ಪದೆ ಒಂದು ಪ್ರಶ್ನೆ ಕೇಳುತ್ತಾರೆ. ಚಮಚಗಳ ಡಬ್ಬಿಯಲ್ಲಿ ಸೂಜಿಯಿಲ್ಲದ ಸಿರಿಂಜೊಂದು ನಿಂತಿರುತ್ತದೆ. ಅದನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, ದನಿ ತಗ್ಗಿಸಿ, “ಯಾರಿಗ್ರೀ ಶುಗರ್?” ಎನ್ನುತ್ತಾರೆ. ಮೊನ್ನೆ ಮಹಾಲಿಂಗಪುರದಿಂದ ಬಂದಿದ್ದ ಬೀಗರ ಪೈಕಿಯ ಹೆಣ್ಣುಮಗಳೂ ಹೀಗೇ ಕೇಳಿದರು. “ಶುಗರ್ ಅಲ್ರೀ, ಅದು ಕೋಳಿಗಿ ಗಂಜಿ ಕುಡಸೂದು” ಎಂದೆ. ಆಕೆ ಸಿರಿಂಜನ್ನು ಡಬ್ಬಿಗೆ ಹಾಕಿ, ಹೋಗಿ ಕೈ ತೊಳೆದುಕೊಂಡು ಬಂದರು. ಚಹಾವನ್ನೂ ಅರ್ಧಕ್ಕೇ ಬಿಟ್ಟರು.

ಅವರದೇನೂ ತಪ್ಪಿಲ್ಲ. ನಾವು ಜೈನರು. ನಮ್ಮ ಅತ್ತೆ ಇಂದಿಗೂ ನೀರನ್ನು ಬಟ್ಟೆಯಲ್ಲಿ ಸೋಸದೆ ಕುಡಿಯುವವರಲ್ಲ. ಹೊತ್ತು ಮುಳುಗುವ ಮೊದಲೇ ಉಂಡು ಬಾಯಿ ಮುಕ್ಕಳಿಸಿ ಕೂರುವವರು. ಅಂಥ ಮನೆಯ ಚಮಚದ ಡಬ್ಬಿಯಲ್ಲಿ ಕೋಳಿಯ ಸಿರಿಂಜು! ಕೇಳಿದವರಿಗೆಲ್ಲ ಅರ್ಧರ್ಧ ಹೇಳಿ ಸಾಕಾಗಿದೆ. ನಿಮಗಾದರೂ ಪೂರ್ತಿ ಹೇಳಿಬಿಡುತ್ತೇನೆ.

ನಾನು ರಬಕವಿಯ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ಮನೆ ಬನಹಟ್ಟಿಯಲ್ಲಿ, ತವರು ತೇರದಾಳ. ತೇರದಾಳದ ನಮ್ಮ ಮನೆಯಲ್ಲಿ ಬೆಲ್ಲದ ಪೆಂಟೆಗೆ ಇರುವೆ ಹತ್ತಿದರೆ ಅಂದಿನ ಹೋಳಿಗೆ ಮೂರು ತಾಸು ತಡ. ನಮ್ಮ ಅಜ್ಜ ಪೆಂಟೆಯನ್ನು ಅಂಗಳದ ನೆರಳಿಗೆ ಒಯ್ದಿಟ್ಟುಕೊಂಡು ಒಂದೊಂದೇ ಇರುವೆಯನ್ನು ಉಫ್ ಉಫ್ ಎಂದು ಊದಿ ಇಳಿಸುತ್ತಿದ್ದರು. ನಾವು ಮಕ್ಕಳು ಹಸಿದು ಸುತ್ತ ಕುಳಿತು, ಇಳಿದ ಇರುವೆ ಮತ್ತೆ ಹತ್ತದಂತೆ ಕಾವಲು ಕಾಯಬೇಕು. ಜೀವದಯೆ ಎಂದರೆ ಹಸಿವು ಎಂದೇ ನಾನು ಬಹಳ ದಿನ ತಿಳಿದಿದ್ದೆ.

ಇರುವೆಗೆ ದಯೆ ತೋರಿದ್ದೇನೆ, ನಿಜ. ಕೋಳಿಗೆ ಮಾತ್ರ ನಾನು ಹೆದರುತ್ತಿದ್ದೆ. ಮೂರನೆಯ ಇಯತ್ತೆಯಲ್ಲಿದ್ದಾಗ ಗೆಳತಿಯ ಹಿತ್ತಲಲ್ಲಿ ಮರಿಗಳ ತಾಯಿಯೊಂದು ನನ್ನನ್ನು ಶಾಲೆಯ ಬಾಗಿಲತನಕ ಅಟ್ಟಿಸಿಕೊಂಡು ಬಂದಿತ್ತು. ಎಡಗಾಲಿನ ಚಪ್ಪಲಿ ಹೋದದ್ದು ಸಿಗಲೇ ಇಲ್ಲ. ಅಂದಿನಿಂದ ಎದುರಿಗೆ ಕೋಳಿ ಬಂದರೆ ನಾನು ರಸ್ತೆ ದಾಟುತ್ತೇನೆ. ಇಂಥ ನಾನು ವರ್ಷಗಟ್ಟಲೆ ಕರಿಹಲಗೆಯ ಮೇಲೆ ಬಣ್ಣದ ಸೀಮೆಸುಣ್ಣದಲ್ಲಿ ಕೋಳಿಯ ಹೊಟ್ಟೆಯೊಳಗಿನದನ್ನೆಲ್ಲ ಬರೆದು ತೋರಿಸಿದ್ದೇನೆ. ಅನ್ನನಾಳ, ಕತ್ತಿನ ಬುಡದಲ್ಲಿ ಕಾಳು ಕೂಡಿಡುವ ಚೀಲ, ಕಾಳು ಅರೆಯುವ ಜಠರ. ಚಿತ್ರ ಬಹಳ ಚೆನ್ನಾಗಿ ಬರುತ್ತಿತ್ತು. ಅದನ್ನು ಮುಟ್ಟಿ ನೋಡುವ ಪ್ರಸಂಗ ಬರಬಹುದೆಂದು ಮಾತ್ರ ಕನಸಿನಲ್ಲೂ ಅಂದುಕೊಂಡಿರಲಿಲ್ಲ.

ಈಗ ನಾಯಿಯ ವಿಷಯ. ನಮ್ಮವರ ಚಿಕ್ಕಪ್ಪನ ಮಗ ಮುಧೋಳದಲ್ಲಿದ್ದಾನೆ. ಹೋದ ವರ್ಷ ಅಲ್ಲಿಂದ ನಮ್ಮವರು ಒಂದು ಮರಿ ತಂದರು. ಉದ್ದ ಕಾಲು, ಒಳಸೇರಿದ ಹೊಟ್ಟೆ, ಮೂಗೆಂದರೆ ಸೂಜಿಯ ಮೊನೆ. ಬೇಟೆಗೆಂದೇ ಹುಟ್ಟಿದ ಜಾತಿ. “ನಮ್ಮಂಥವರ ಮನ್ಯಾಗ ಬೇಟಿನಾಯಿ ಏನ ಮಾಡತೈತೋ ಬಾಬೂ?” ಎಂದು ಅತ್ತೆ ಕೇಳಿದರು. “ರೊಟ್ಟಿ ಹಾಲು ತಿಂತೈತಿ, ಅವ್ವಾ” ಎಂದರು ಇವರು. ಹೆಸರಿನಿಂದಲಾದರೂ ಸ್ವಭಾವ ಬದಲಾಗಲಿ ಎಂದು ಅತ್ತೆ ಅದಕ್ಕೆ ಶಾಂತು ಎಂದು ಹೆಸರಿಟ್ಟರು. ಶಾಂತು ರೊಟ್ಟಿ ತಿಂದ, ಹಾಲು ಕುಡಿದ, ಒಂದು ವರ್ಷ ಹೆಸರು ಉಳಿಸಿಕೊಂಡ.

ನಮ್ಮ ಎದುರಿನ ಮನೆ ನೇಕಾರರದು. ಈರಪ್ಪ, ಅವನ ಹೆಂಡತಿ ಸಾವಂತ್ರೆವ್ವ. ಒಳಗೆ ಎರಡು ಮಗ್ಗ, ಹೊರಗೆ ಅವಳ ಕೋಳಿಗಳು. ಅವುಗಳಲ್ಲಿ ಗೌಡಸಾನಿ ಎಂಬ ಕರಿಯ ಹೇಂಟೆ ಹಿರಿಯಳು. ಕೆಂಪು ಜುಟ್ಟು ಒಂದು ಮಗ್ಗುಲಿಗೆ ಸೆರಗಿನಂತೆ ವಾಲಿತ್ತು. ಮೋಟರ್ ಸೈಕಲ್ ಹಾರ್ನ್ ಹೊಡೆದರೂ ದಾರಿ ಬಿಡುತ್ತಿರಲಿಲ್ಲ; ಗಾಡಿಯೇ ಸುತ್ತಿ ಹೋಗಬೇಕು. ನಾನೂ ಸುತ್ತಿಯೇ ಹೋಗುತ್ತಿದ್ದೆ.

ದಸರೆಯ ರಜೆಯಲ್ಲಿ ಒಂದು ಮುಂಜಾನೆ ಶಾಂತುವಿನ ಸರಪಳಿಯ ಕೊಂಡಿ ಕಳಚಿತು. ಎರಡು ಜಿಗಿತದಲ್ಲಿ ಓಣಿ ದಾಟಿದ. ನಾನು ಹೊರಗೆ ಬರುವಷ್ಟರಲ್ಲಿ ಗೌಡಸಾನಿ ಅವನ ಬಾಯಲ್ಲಿದ್ದಳು. ಇವರು ಅರ್ಧ ದಾಡಿ ಮಾಡಿಕೊಂಡ ಮುಖದಲ್ಲೇ ಓಡಿ, ಅವನ ದವಡೆಯೊಳಗೆ ಕೈ ಹಾಕಿ ಅವಳನ್ನು ಬಿಡಿಸಿದರು. ಕತ್ತಿನ ಬುಡದಲ್ಲಿ ಚರ್ಮ ಹರಿದು ಜೋತಿತ್ತು. ಒಂದು ರೆಕ್ಕೆ ನೆಲಕ್ಕೆ ಹರಡಿತ್ತು.

ಸಾವಂತ್ರೆವ್ವ ಬಂದಳು. ಬಯ್ಯಲಿಲ್ಲ, ಬಯ್ದಿದ್ದರೆ ಚೆನ್ನಾಗಿತ್ತು. ಅಲ್ಲೇ ಮಣ್ಣಿನಲ್ಲಿ ಕುಳಿತು ಕೋಳಿಯನ್ನು ಉಡಿಯಲ್ಲಿ ಹಾಕಿಕೊಂಡಳು. ಈರಪ್ಪ ಕೈಯಲ್ಲಿ ಕುಡುಗೋಲು ಹಿಡಿದೇ ಬಂದಿದ್ದ.

“ಇನ್ನೊಂದ ತಾಸಿನ್ಯಾಗ ಸಾಯತೈತಿ. ಜೀವ ಇದ್ದಾಗ ಕೊಯ್ದರ ಊಟಕ್ಕರೆ ಆಗತೈತಿ. ಕೊಡ ಇಲ್ಲೆ.”

“ಬ್ಯಾಡ ಈರಪ್ಪಾ, ಬ್ಯಾರೆ ಕೋಳಿ ತಂದ ಕೊಡತೇನಿ” ಎಂದರು ಇವರು. ಸಾಬೂನಿನ ನೊರೆ ಗದ್ದದಿಂದ ಇಳಿಯುತ್ತಿತ್ತು.

ಸಾವಂತ್ರೆವ್ವ ತಲೆ ಎತ್ತಿದಳು. ಇವರನ್ನಲ್ಲ, ನನ್ನನ್ನು ನೋಡಿದಳು. “ಬ್ಯಾರೆ ಕೋಳಿ ನನಗ್ಯಾಕ್ರೀ ಅಕ್ಕೋರ? ಈ ಓಣ್ಯಾಗಿನ ಕೋಳಿ ಎಲ್ಲಾ ಇಕಿ ಕಾವಿನಾಗ ಹುಟ್ಯಾವ. ಬ್ಯಾರೆದವರ ತತ್ತಿನೂ ತನ್ನವ ಅಂತ ತಿಳದ ಕುಂತಾಕಿ ಇಕಿ. ನನಗ ಇಕೀನ ಬೇಕು. ತನ್ನ ಕಾಲಿಲೆ ನಡಕೊಂತ ನನ್ನ ಮನಿಗಿ ಬರಬೇಕು. ಆಗತೈತೇನ ಹೇಳ್ರಿ. ಆಗಂಗಿಲ್ಲಂದ್ರ ಇವರು ಕೊಯ್ಯಲಿ.”

“ಆಗತೈತಿ” ಎಂದೆ.

ಯಾರು ಹಾಗೆಂದರು ಎಂದು ನಾನೇ ಒಮ್ಮೆ ಹಿಂದೆ ತಿರುಗಿ ನೋಡುವಂತಾಯಿತು. ಅಷ್ಟರಲ್ಲಿ ಸಾವಂತ್ರೆವ್ವ ಕೋಳಿಯನ್ನು ನನ್ನ ಕೈಯಲ್ಲಿಟ್ಟಾಗಿತ್ತು. ಜೀವಮಾನದಲ್ಲಿ ಮೊದಲ ಸಲ ನಾನು ಕೋಳಿ ಮುಟ್ಟಿದ್ದು ಹೀಗೆ. ಅದು ಇಷ್ಟು ಬಿಸಿಯಾಗಿರುತ್ತದೆಂದು ನನಗೆ ಗೊತ್ತಿರಲಿಲ್ಲ. ಪಕ್ಷಿಗಳ ಮೈಬಿಸಿ ನಮಗಿಂತ ಹೆಚ್ಚು ಎಂದು ಪ್ರತಿ ವರ್ಷ ಹೇಳಿಕೊಡುತ್ತೇನೆ, ಆದರೂ ಗೊತ್ತಿರಲಿಲ್ಲ. ಎದೆಯೊಳಗೆ ಏನೋ ಮಗ್ಗದ ಲಾಳಿಯಂತೆ ಹೊಡೆದುಕೊಳ್ಳುತ್ತಿತ್ತು. ಅವಳದೋ ನನ್ನದೋ ಹೇಳಲಾರೆ.

ಬಟ್ಟಲಲ್ಲಿ ನೀರು ಹಿಡಿದೆವು. ಕೊಕ್ಕು ಅದ್ದಿ ಎರಡು ಗುಟುಕು ಕುಡಿದಳು. ಕುಡಿದ ನೀರು ಕತ್ತಿನ ಬುಡದ ಗಾಯದಿಂದ ತಟತಟನೆ ನನ್ನ ಕೈಮೇಲೆ ಸೋರಿತು.

“ಅಯ್ಯ, ಗಂಟಲ ಹರದೈತಿ” ಎಂದಳು ಸಾವಂತ್ರೆವ್ವ.

ನನ್ನ ಕಣ್ಣ ಮುಂದೆ ಹಸಿರು ಸೀಮೆಸುಣ್ಣದಲ್ಲಿ ಬರೆದ ಚಿತ್ರ ನಿಂತಿತು. “ಗಂಟಲ ಅಲ್ಲ, ಕಾಳಿನ ಚೀಲ! ಅದನ್ನ ಹೊಲಿಯಾಕ ಬರತೈತಿ. ಏಳ, ದವಾಖಾನಿಗಿ ಹೋಗೂಣು” ಎಂದೆ.

ನಾನು ಸ್ಕೂಟಿ ಹೊಡೆದೆ. ಹಿಂದೆ ಸಾವಂತ್ರೆವ್ವ, ಅವಳ ಸೆರಗಿನಲ್ಲಿ ಗೌಡಸಾನಿ. ಬಜಾರದಲ್ಲಿ ನನ್ನ ಹಳೆಯ ವಿದ್ಯಾರ್ಥಿಗಳು ನಮಸ್ಕಾರ ಮಾಡಲು ಎತ್ತಿದ ಕೈ ಹಾಗೇ ನಿಂತಿತು. ದನದ ದವಾಖಾನೆಯಲ್ಲಿ ಡಾಕ್ಟರು ಎಮ್ಮೆಯೊಂದರ ಕೆಚ್ಚಲು ನೋಡುತ್ತಿದ್ದರು. ದಪ್ಪ ಮೀಸೆಯ, ದಪ್ಪ ಬೆರಳಿನ ಮನುಷ್ಯ. ನಮ್ಮನ್ನು ಕಂಡು ನಕ್ಕರು.

“ಟೀಚರ್, ಕೋಳಿ ಫಾರ್ಮ ಎಲ್ಲಾ ಅಡ್ಡ್ಯಾಡೇನಿ. ಒಂದ ಕೋಳಿ ಸಲುವಾಗಿ ಇಬ್ಬರು ಹೆಣಮಕ್ಕಳು ಓಡಿ ಬಂದದ್ದು ಇವತ್ತ ನೋಡಿದೆ.” ಗಾಯ ನೋಡಿದ ಮೇಲೆ ನಗು ನಿಂತಿತು. “ಹೊಲೀಬಹುದ್ರಿ. ಆದರ ನನ್ನ ಹಂತೇಕ ಇರೂದು ಎಮ್ಮಿ ಹೊಲಿಯೂ ಸೂಜಿ. ಗಾಯಕ್ಕಿಂತ ತೂತ ದೊಡ್ಡದಾಗತೈತಿ.”

ಸಾವಂತ್ರೆವ್ವ ಸೊಂಟದ ಚಂಚಿ ಬಿಚ್ಚಿದಳು. ಎಲೆ ಅಡಿಕೆಯ ನಡುವಿನಿಂದ ಕಾಗದದ ಸಣ್ಣ ಪೊಟ್ಟಣ ತೆಗೆದಳು. ಸೀರೆಯ ಸೆರಗಿಗೆ ಕುಚ್ಚು ಕಟ್ಟುವ, ಕೂದಲಿನಷ್ಟು ತೆಳುವಾದ ಸೂಜಿ, ಬಿಳಿ ರೇಷ್ಮೆಯ ಎಳೆ. ಡಾಕ್ಟರು ಸೂಜಿಯನ್ನು ಬೆಳಕಿಗೆ ಹಿಡಿದು ನೋಡಿ, ತಲೆದೂಗಿ, ಎರಡನ್ನೂ ನೀರಿನಲ್ಲಿ ಕುದಿಸಿ ಸ್ಪಿರಿಟ್ಟಿನಲ್ಲಿ ಅದ್ದಿದರು. ಗಾಯ ತೊಳೆದು ಮರಗಟ್ಟುವ ಔಷಧಿ ಚುಚ್ಚಿದರು.

ನಾನು ಹಿಡಿದುಕೊಂಡವಳು. ಹಿಡಿದವಳು ಸುಮ್ಮನಿರಬೇಕಲ್ಲ? “ಎರಡು ಪದರ ಇರತಾವ್ರೀ ಡಾಕ್ಟರ್. ಮೊದಲ ಒಳಗಿನ ಚೀಲ, ಆಮ್ಯಾಲ ಚರ್ಮ. ಎರಡೂ ಕೂಡಿಸಿ ಹೊಲದರ…”

“ಟೀಚರ್, ಕೋಳಿ ಗಟ್ಟಿ ಹಿಡೀರಿ. ಪಾಠ ಆಮ್ಯಾಲ ಕೇಳತೇನಿ.”

ನಾಲ್ಕು ಹೊಲಿಗೆ ಆಗುವಷ್ಟರಲ್ಲಿ ಅವರ ದಪ್ಪ ಬೆರಳಲ್ಲಿ ಎಳೆ ಎರಡು ಸಲ ಹರಿಯಿತು. ಹಣೆಯ ಮೇಲೆ ಬೆವರು ಬಂತು. ಆಗ ಸಾವಂತ್ರೆವ್ವ, “ಸಾಹೇಬ್ರ, ನೀವು ಚುಚ್ಚರಿ. ಗಂಟ ನಾ ಹಾಕತೇನಿ” ಎಂದು ಕೈ ತೊಳೆದುಕೊಂಡು ನಿಂತಳು. ಓಡುವ ಮಗ್ಗದಲ್ಲಿ ಹರಿದ ಎಳೆಯನ್ನು ಕಣ್ಣು ಮುಚ್ಚಿ ತೆರೆಯುವುದರೊಳಗೆ ಕೂಡಿಸುವ ಬೆರಳುಗಳವು. ಡಾಕ್ಟರು ಚುಚ್ಚಿದರು, ಅವಳು ಗಂಟು ಹಾಕಿದಳು. ಒಳಪದರ ಮುಗಿದು ಚರ್ಮವೂ ಕೂಡಿದ ಮೇಲೆ ಗಂಟುಗಳನ್ನು ಹುಡುಕಿದರೂ ಕಾಣಲಿಲ್ಲ. ರೆಕ್ಕೆ ಮುರಿದಿರಲಿಲ್ಲ, ಉಳುಕಿತ್ತಷ್ಟೇ. ಅದನ್ನು ಮೈಗೆ ಸೇರಿಸಿ ಪಟ್ಟಿ ಕಟ್ಟಿದರು.

“ಔಷಧಿ ಕೊಡತೇನಿ. ಗಂಜಿ ಸಿರಿಂಜಿನ್ಯಾಗ, ಒಂದೊಂದ ಗುಟಕ. ಮೂರ ದಿನ ನೋಡ್ರಿ. ಗಾಯದಿಂದ ಸೋರಲಿಲ್ಲಂದ್ರ ಗೆದ್ರಿ. ಸೋರಿತಂದ್ರ…” ಎಂದು ಡಾಕ್ಟರು ಮಾತು ಮುಗಿಸದೆ ಎಮ್ಮೆಯ ಕಡೆ ಹೋದರು.

ಮನೆಯ ಬಾಗಿಲಲ್ಲಿ ಅತ್ತೆ ನಿಂತಿದ್ದರು. ನನಗೆ ಅಳುಕಿದ್ದದ್ದು ಅವರದೇ. ಎದುರು ಮನೆಯವರೊಡನೆ ಓಣಿಯಲ್ಲಿ ನಿಂತು ಎಷ್ಟು ಬೇಕಾದರೂ ಮಾತಾಡುತ್ತಾರೆ, ಆದರೆ ಮಾಂಸ ಬೇಯುವ ಮನೆಯೆಂದು ಅವರ ಹೊಸ್ತಿಲು ಒಂದು ದಿನವೂ ತುಳಿದವರಲ್ಲ. ಕೋಳಿಯನ್ನು ಒಳಗೆ ಬಿಟ್ಟಾರೆಯೇ? ಅತ್ತೆ ನನ್ನ ಸೆರಗಿನ ರಕ್ತ ನೋಡಿದರು, ಪಟ್ಟಿ ಕಟ್ಟಿಸಿಕೊಂಡ ಗೌಡಸಾನಿಯನ್ನು ನೋಡಿದರು.

“ಕಡದದ್ದು ನಮ್ಮನಿ ನಾಯಿ. ಪಾಪ ನಮ್ಮದು. ಬಚ್ಚಲ ಬಾಜುಕ ಕಟಗಿ ಖೋಲಿ ಐತಲ್ಲ, ಅಲ್ಲಿಡ ಸುನಂದಾ” ಎಂದು, ಶಾಂತುವಿನ ಕಡೆ ತಿರುಗಿ, “ಶಾಂತು ಅಂತ ಹೆಸರಿಟ್ಟಾಕಿ ನಾನ. ನನಗ ನಾಚಿಕಿ ಬರತೈತಿ” ಎಂದರು. ಶಾಂತು ಗೋಡೆಗೆ ಮುಖ ಮಾಡಿ ಮಲಗಿದ.

ಮೊದಲ ಸಲ ಗಂಜಿ ಕುಡಿಸಿದಾಗ ಅರ್ಧ ನನ್ನ ಕನ್ನಡಕದ ಮೇಲೆ ಬಿತ್ತು. ಎರಡನೆಯ ಸಲ ಗೌಡಸಾನಿ ನನ್ನ ಹೆಬ್ಬೆರಳು ಕುಕ್ಕಿದಳು. ಕುಕ್ಕುವಷ್ಟು ಕಸುವಿದೆಯಲ್ಲ ಎಂದು ನಾನು ಹಿಗ್ಗಿದೆ. ಗ್ಯಾಸು ಹಚ್ಚಲೂ ಬಾರದ ನಮ್ಮವರು ಜೋಳದ ಹಿಟ್ಟಿನ ಗಂಜಿ ಕುದಿಸಿ, ಗಂಟಿಲ್ಲದಂತೆ ಸೋಸಿ ತರತೊಡಗಿದರು. ಮದುವೆಯಾಗಿ ಇಷ್ಟು ವರ್ಷಕ್ಕೆ ನನಗೊಂದು ಲೋಟ ಚಹಾ ಮಾಡಿಕೊಟ್ಟವರಲ್ಲ. ಅತ್ತೆ ಬಾಗಿಲಲ್ಲಿ ನಿಂತು, “ನೀರ ಸೋಸಿದಿಯಿಲ್ಲೋ?” ಎಂದು ಪ್ರತಿ ಸಲ ಕೇಳುತ್ತಿದ್ದರು. ಹುಳ ಆರಿಸಿ ತಿನ್ನುವ ಪ್ರಾಣಿಗೆ ನೀರಿನ ಸೂಕ್ಷ್ಮಜೀವಿಗಳ ಪಾಪ ತಟ್ಟಬಾರದೆಂದು ಅವರ ಕಳಕಳಿ.

ಸಾವಂತ್ರೆವ್ವ ದಿನಕ್ಕೆರಡು ಸಲ ನಮ್ಮ ಗೇಟಿಗೆ ಬರುತ್ತಿದ್ದಳು. ಒಳಗೆ ಬರುತ್ತಿರಲಿಲ್ಲ.

“ಐತೇನ್ರೀ?”

“ಐತಿ.”

ಅಷ್ಟೇ. ತಿರುಗಿ ಹೋಗುತ್ತಿದ್ದಳು. ಮಗ್ಗದ ಸದ್ದು ಮತ್ತೆ ಸುರುವಾಗುತ್ತಿತ್ತು.

ಎರಡನೆಯ ದಿನ ಇಳಿಹೊತ್ತಿಗೆ ಗೌಡಸಾನಿ ಕಣ್ಣು ಮುಚ್ಚಿದಳು. ಜುಟ್ಟಿನ ಕೆಂಪು ಇಳಿದು ಬೂದಿಬಣ್ಣ ಬಂತು. ಕೊಕ್ಕು ಬಿಡಿಸಿದರೂ ನುಂಗಲೊಲ್ಲಳು. ನಾನು ಅವಳ ಮುಂದೆ ಕುಳಿತು, “ತಗೋ ನನ್ನವ್ವ, ಒಂದ ಗುಟಕ. ನಾ ಮಾತ ಕೊಟ್ಟೇನಿ” ಎಂದು ಬೇಡಿಕೊಂಡೆ. ನಲವತ್ತೇಳು ವರ್ಷದ ಹೆಂಗಸು ಕಟ್ಟಿಗೆ ಕೋಣೆಯಲ್ಲಿ ಕೋಳಿಯ ಮುಂದೆ ಕಣ್ಣೀರು ಹಾಕಿದೆ. ಯಾರೂ ನೋಡಲಿಲ್ಲ ಎಂದುಕೊಂಡಿದ್ದೆ. ಇವರು ಗಂಜಿಯ ಪಾತ್ರೆ ಹಿಡಿದು ಹಿಂದೆಯೇ ನಿಂತಿದ್ದರಂತೆ.

ಮೂರನೆಯ ದಿನ ಮುಂಜಾನೆ ಕಣ್ಣು ತೆರೆದಿದ್ದಳು. ಆದರೆ ಪಟ್ಟಿ ಒದ್ದೆಯಾಗಿತ್ತು. ಹೊಲಿಗೆ ಬಿಟ್ಟಿತೇ? ಅಥವಾ ಕೊಕ್ಕಿನಿಂದ ಚೆಲ್ಲಿದ ಗಂಜಿಯೇ ಇಳಿದಿತ್ತೇ? ಇವರು ಸ್ಕೂಟಿಯ ಚಾವಿ ತೆಗೆದುಕೊಂಡರು. “ತಡೀರಿ” ಎಂದೆ. ಅಷ್ಟು ವರ್ಷ ಮಕ್ಕಳಿಗೆ ಊಹೆ ಬೇಡ, ಪರೀಕ್ಷಿಸಿ ನೋಡಿ ಎಂದು ಹೇಳಿದವಳು ನಾನೇ ತಾನೆ? ಗಂಜಿಗೆ ಒಂದು ಚಿಟಿಕೆ ಅರಿಶಿನ ಹಾಕಿದೆ. ಹಳದಿ ಗಂಜಿ ಒಳಗೆ ಹೋಗಲಿ. ಗಾಯದ ಮೇಲೆ ಬಿಳಿ ಬಟ್ಟೆ ಇಡೋಣ. ಬಟ್ಟೆ ಹಳದಿಯಾದರೆ ಸೋತೆವು, ಬಿಳಿಯುಳಿದರೆ ಗೆದ್ದೆವು.

“ಬಿಳಿ ಅರಿವಿ ಎಲ್ಲೈತಿ?” ಎಂದು ಹುಡುಕುತ್ತಿರುವಾಗ ಅತ್ತೆ ದೇವರ ಮನೆಯಿಂದ ನೀರು ಸೋಸುವ ಹೊಸ ಬಟ್ಟೆ ತಂದರು. ಮಡಿಕೆಯನ್ನೂ ಬಿಚ್ಚಿರಲಿಲ್ಲ. ಅವರೇ ನೆಲಕ್ಕೆ ಕುಳಿತು ಗೌಡಸಾನಿಯ ಕತ್ತಿಗೆ ಹಿಡಿದರು. ಅವರೂ ಕೋಳಿ ಮುಟ್ಟಿದ್ದು ಅದೇ ಮೊದಲ ಸಲ. ಗೇಟಿನಿಂದ “ಐತೇನ್ರೀ?” ಎಂಬ ದನಿ ಬಂತು. “ಒಳಗ ಬಾ ಸಾವಂತ್ರೀ” ಎಂದು ಅತ್ತೆಯೇ ಕೂಗಿದರು.

ನಾವು ನಾಲ್ವರು ಸುತ್ತ ಕುಳಿತೆವು. ನಾನು ಒಂದು ಗುಟುಕು ಕುಡಿಸಿದೆ. ಗಂಟಲು ಅಲುಗಿತು. ಇನ್ನೊಂದು. ಮತ್ತೊಂದು. ಕತ್ತಿನ ಬುಡದ ಚೀಲ ಸಣ್ಣಗೆ ಉಬ್ಬಿತು. ಕಾದೆವು. ಹಂಚಿನ ಸಂದಿಯಿಂದ ಬಿದ್ದ ಬಿಸಿಲು ಅತ್ತೆಯ ಮೊಣಕಾಲಿನಿಂದ ಪಾದಕ್ಕೆ ಸರಿಯಿತು.

“ಈಗ ತಗೀರಿ ಅತ್ತೀ” ಎಂದೆ.

ಅತ್ತೆ ಬಟ್ಟೆ ತೆಗೆದು ಬಾಗಿಲ ಬೆಳಕಿಗೆ ಹಿಡಿದರು. ತಿರುಗಿಸಿ ಹಿಡಿದರು. ಮಲ್ಲಿಗೆಯಷ್ಟು ಬೆಳ್ಳಗಿತ್ತು.

“ಗೆದ್ದಿವಿ!” ಎಂದು ಕೂಗಿದವರು ನಮ್ಮವರು. ಆ ಕೂಗಿಗೆ ಗೌಡಸಾನಿ ಬೆದರಿ ಗಂಜಿಯ ಬಟ್ಟಲು ಒದ್ದಳು. ಸಾವಂತ್ರೆವ್ವನ ಸೀರೆಯೆಲ್ಲ ಹಳದಿಯಾಯಿತು. ಅವಳು ಮೂರು ದಿನದಲ್ಲಿ ಮೊದಲ ಸಲ ನಕ್ಕಳು, ನಗುತ್ತ ಅತ್ತಳು.

ಅಲ್ಲಿಂದ ಗೌಡಸಾನಿಯ ಅರಸೊತ್ತಿಗೆ. ಗಂಜಿಯಿಂದ ನುಚ್ಚಿಗೆ, ನುಚ್ಚಿನಿಂದ ಕಾಳಿಗೆ ಬಂದಳು. ಒಂದು ಸಂಜೆ ಅತ್ತೆ ನನ್ನನ್ನು ಕರೆದು ತೋರಿಸಿದರು. “ನೋಡ ಇಲ್ಲೆ. ಹೊತ್ತ ಮುಳಗಿದ ಮ್ಯಾಲ ಒಂದ ಕಾಳ ಮುಟ್ಟಲಿಲ್ಲ. ರಾತ್ರಿ ಹತ್ತಕ್ಕ ಚೂಡಾ ತಿನ್ನೂ ನಿಮ್ಮಕಿಂತಾ ಇಕೀನ ಖರೆ ಜೈನಳು.” ಆ ಗೌರವ ಒಂದು ರಾತ್ರಿ ಉಳಿಯಿತು. ಮರುದಿನ ಮುಂಜಾನೆ ಅತ್ತೆಯ ಕಣ್ಣೆದುರೇ ಕಟ್ಟಿಗೆಯ ಸಂದಿಯಿಂದ ಒಂದು ಜಿರಲೆ ಓಡಿತು. ಬಹಳ ದೂರ ಓಡಲಿಲ್ಲ. ಅತ್ತೆ ಮುಖ ಆಚೆ ತಿರುಗಿಸಿ, “ಬ್ಯಾನಿಯಿಂದ ಎದ್ದಾಳ. ಹಸಿವಿ ಇರತೈತಿ” ಎಂದರು.

ಹೊಲಿಗೆ ಬಿಚ್ಚಿದ ಮರುದಿನ ಅವಳನ್ನು ಕಳಿಸುವುದೆಂದಾಯಿತು. ತನ್ನ ಕಾಲಿಲೆ ನಡೆದು ಬರಬೇಕು ಎಂಬ ಮಾತು ಓಣಿಗೆಲ್ಲ ಗೊತ್ತಿತ್ತು. ಮಗ್ಗಗಳು ಒಂದೊಂದಾಗಿ ನಿಂತವು. ಬಾಗಿಲಿಗೊಬ್ಬರು ಬಂದು ನಿಂತರು. ಎದುರು ಮನೆಯ ಹೊಸ್ತಿಲಾಚೆ ಸಾವಂತ್ರೆವ್ವ. ಅವಳು ಕರೆಯಲಿಲ್ಲ, ಕಾಳೂ ಚೆಲ್ಲಲಿಲ್ಲ.

ಗೌಡಸಾನಿ ನಮ್ಮ ಪಡಸಾಲೆಯಿಂದ ಇಳಿದಳು. ಅಂಗಳದ ನಡುವೆ ನಿಂತಳು. ಸರಪಳಿಯಲ್ಲಿದ್ದ ಶಾಂತುವನ್ನು ನೋಡಿದಳು. ಅವಳು ಪುಕ್ಕ ಕೆದರಿ, ಎರಡೂ ರೆಕ್ಕೆ ನೆಲಕ್ಕೆ ಬಿಟ್ಟು, ನೇರ ಅವನ ಮೂಗಿನ ಮೇಲೆಯೇ ನುಗ್ಗಿದಳು! ಬೇಟೆಯ ವಂಶದ ಆ ಧೀರ ಕುಂಯ್ ಎಂದು ನೀರಿನ ಡ್ರಮ್ಮಿನ ಹಿಂದೆ ಸೇರಿಕೊಂಡ. ಓಣಿಗೆ ಓಣಿಯೇ ಹೋ ಎಂದಿತು. ಎಲ್ಲೋ ಒಂದು ಶಿಳ್ಳೆಯೂ ಕೇಳಿತು. ಹುಡುಗಿಯಾಗಿದ್ದಾಗ ಎರಡು ಬೆರಳು ಬಾಯಲ್ಲಿಟ್ಟು ಕಲಿತಿದ್ದ ವಿದ್ಯೆ ಇನ್ನೂ ಮರೆತಿಲ್ಲವೆಂದು ಬಾಯಿಂದ ಬೆರಳು ತೆಗೆದಾಗಲೇ ನನಗೆ ತಿಳಿದದ್ದು.

ಗೌಡಸಾನಿ ಗೇಟು ದಾಟಿದಳು. ಒಂದು ಮೋಟರ್ ಸೈಕಲ್ ಬಂತು, ನಿಂತಿತು, ಅವಳು ಹೋಗುವತನಕ ಕಾದಿತು. ಸಾವಂತ್ರೆವ್ವನ ಕಲ್ಲಿನ ಹೊಸ್ತಿಲು ಎತ್ತರ. ಅಲ್ಲಿ ನಿಂತಳು. ರೆಕ್ಕೆ ಇನ್ನೂ ಪೂರ್ತಿ ಏಳುತ್ತಿರಲಿಲ್ಲ. ಒಮ್ಮೆ ಹಾರಿ ಜಾರಿದಳು. ಈರಪ್ಪ ಎತ್ತಲು ಬಾಗಿದ.

“ಯಾರೂ ಮುಟ್ಟಬ್ಯಾಡ್ರಿ!” ನನ್ನ ಹಿಂದಿನಿಂದ ಅತ್ತೆಯ ದನಿ.

ಗೌಡಸಾನಿ ಎರಡು ಹೆಜ್ಜೆ ಹಿಂದೆ ಸರಿದಳು, ಮೈ ಕುಗ್ಗಿಸಿದಳು, ಹಾರಿದಳು. ಹೊಸ್ತಿಲ ಮೇಲೆ ನಿಂತು ಒಮ್ಮೆ ಕೊಕ್ಕೊಕ್ ಎಂದು ಒಳಗೆ ಇಳಿದಳು. ಸಾವಂತ್ರೆವ್ವ ನನ್ನತ್ತ ಎರಡೂ ಕೈ ಜೋಡಿಸಿದಳು. ಜೋಡಿಸಿದ ಕೈ ಹಾಗೇ ನಿಂತಿತು. ಏಕೆಂದರೆ ನಮ್ಮ ಅತ್ತೆ ಓಣಿ ದಾಟಿ, ಸೀರೆಯ ನೆರಿಗೆ ಎತ್ತಿ ಹಿಡಿದು, ಕೋಳಿಯ ಹಿಂದೆಯೇ ಆ ಹೊಸ್ತಿಲು ಹತ್ತಿದ್ದರು.

“ಆಯೀ… ನೀವು… ನಮ್ಮ ಮನಿಯೊಳಗ?” ಸಾವಂತ್ರೆವ್ವನ ಮಾತು ತೊದಲಿತು.

“ಕೋಳಿ ಬಿಡಾಕ ಬಂದೇನವಾ. ಕುಂದ್ರಾಕ ಜಾಗಾ ಐತಿಲ್ಲೋ?”

ಸಾವಂತ್ರೆವ್ವ ಸುತ್ತ ನೋಡಿದಳು. ಚಾಪೆ ಕಾಣಲಿಲ್ಲವೋ, ಚಾಪೆ ಸಾಲದೆನಿಸಿತೋ, ಅಂದೇ ಮಗ್ಗದಿಂದ ಇಳಿಸಿ ಮಡಚಿಟ್ಟಿದ್ದ ಹಸಿರು ಸೀರೆಯನ್ನು ಝಾಡಿಸಿ ನೆಲದ ತುಂಬ ಹಾಸಿಬಿಟ್ಟಳು.

“ಏ ಹುಚ್ಚೀ, ಹೊಸಾ ಸೀರಿ! ಎತ್ತ ಅದನ್ನ, ಹೊಲಸ ಆದೀತು” ಎಂದು ಅತ್ತೆ ಬಾಗುವಷ್ಟರಲ್ಲಿ ಗೌಡಸಾನಿ ಗಂಭೀರವಾಗಿ ನಡೆದು ಹೋಗಿ, ಜರಿಯ ಸೆರಗಿನ ನಟ್ಟನಡುವೆ ಒಮ್ಮೆ ಸುತ್ತು ತಿರುಗಿ, ಪುಕ್ಕ ಅರಳಿಸಿ ಕುಳಿತುಬಿಟ್ಟಳು.